ಮಾವ ಒಲೆಯ ಮುಂದೆ ಕೂತ ಚಳಿಗಾಲ

ಆ ವರ್ಷದ ಚಳಿಗಾಲದಲ್ಲಿ ನಮ್ಮ ಮಾವ ತಣ್ಣಗಿನದು ಯಾವುದನ್ನೂ ಮುಟ್ಟುವಂತಿರಲಿಲ್ಲ. ಬೆಳಗಿನ ಹೊತ್ತು ಸ್ಟೀಲಿನ ಚೊಂಬಿಗೆ ಕೈ ಹಾಕಿದರೆ ಬೆರಳ ತುದಿಯಿಂದ ಮೊಣಕೈವರೆಗೂ ಚುರುಗುಟ್ಟುತ್ತಿತ್ತು. ಬಾವಿಯ ನೀರು ಒಂದು ಗುಟುಕು ಒಳಗೆ ಹೋದರೆ ಗಂಟಲು ಬಿಗಿದು, ಉಸಿರೇ ಸಿಕ್ಕಿಕೊಂಡ ಅನುಭವ. ತೀರ್ಥಹಳ್ಳಿ ಸೀಮೆಯ ಡಿಸೆಂಬರು ಅಂದರೆ ನಿಮಗೆ ಗೊತ್ತು, ಮನೆಯೊಳಗಿನ ನೆಲವೂ ಕೊರೆಯುತ್ತದೆ. ಹಾಗಾಗಿ ಮಾವನ ವಾಸ ಬಚ್ಚಲೊಲೆಯ ಮುಂದಕ್ಕೆ ವರ್ಗವಾಯಿತು. ಒಂದು ಮಣೆ, ತಲೆಗೆ ಮಂಕಿ ಟೋಪಿ, ಕೈಗೆ ಉಣ್ಣೆಯ ಚೀಲ. ನೋಡಲು ಬಂದವರೆಲ್ಲ ಜಗಲಿ ದಾಟಿ, ಹಿತ್ತಿಲು ಸುತ್ತಿ ಅಲ್ಲಿಗೇ ಬರಬೇಕು. ಈಗ ನಾನು ಹೇಳುವುದರಲ್ಲಿ ಅರ್ಧ ಆ ಒಲೆಯ ಮುಂದೆ ಮಾವನ ಬಾಯಿಂದಲೇ ಕೇಳಿದ್ದು. ಇನ್ನರ್ಧ ಆಸ್ಪತ್ರೆಯ ಬೆಂಚುಗಳ ಮೇಲೆ ಅವನ ಪಕ್ಕ ಕೂತು ಕಣ್ಣಾರೆ ಕಂಡದ್ದು.

ರಕ್ತ ಹೋಗಲು ಶುರುವಾಗಿದ್ದು ಹಿಂದಿನ ವರ್ಷದ ಅಡಿಕೆ ಕೊಯ್ಲಿನ ಹೊತ್ತಿಗೆ. ಮಾವ ಯಾರಿಗೂ ಹೇಳಲಿಲ್ಲ. ಐವತ್ತೆಂಟು ವರ್ಷದ ಗಂಡಸು, ಊರಿನ ಸೊಸೈಟಿಯಲ್ಲಿ ನಿರ್ದೇಶಕ, ಇಂಥ ಜಾಗದ ಇಂಥ ಮಾತನ್ನು ಯಾರ ಹತ್ತಿರ ಆಡುವುದು? ಕೊನೆಗೆ ಪಂಚೆ ಒಗೆಯುವಾಗ ಅತ್ತೆಯ ಕಣ್ಣಿಗೆ ಬಿತ್ತು. ಆಗಲೂ ಅವನದು ಒಂದೇ ಮಾತು: "ಉಷ್ಣ ಕಣೇ, ಮೂಲವ್ಯಾಧಿ. ನಮ್ಮಪ್ಪಯ್ಯನಿಗೂ ಇತ್ತಲ್ಲ." ಪೇಟೆಯಲ್ಲಿ ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ ಮಾಡುತ್ತೇವೆಂದು ಬೋರ್ಡು ಹಾಕಿಕೊಂಡ ಒಂದು ಕಡೆ ಹೋದ. ಅಲ್ಲಿ ಪುಡಿ ಕೊಟ್ಟರು, ಮುಲಾಮು ಕೊಟ್ಟರು, ಬದನೆಕಾಯಿ ಬೇಡ, ಮೆಣಸು ಬೇಡ ಅಂತ ಪಥ್ಯ ಹೇಳಿದರು. ರಕ್ತ ಕೆಲವು ದಿನ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಆಮೇಲೆ ಇನ್ನೊಂದು ಕಾಟ ಜೊತೆಯಾಯಿತು. ಬೆಳಿಗ್ಗೆ ಹೊರಗೆ ಹೋಗಿ ಬಂದರೂ ಪೂರ್ತಿ ಆಗಿಲ್ಲ ಅನ್ನಿಸುವುದು, ಮತ್ತೆ ಹೋಗಬೇಕು ಅನ್ನಿಸುವುದು, ಹೋದರೆ ಬರೀ ಸಿಂಬಳದಂಥ ಲೋಳೆ. ಹೀಗೇ ಒಂದು ಮಳೆಗಾಲ ಕಳೆಯಿತು. ಅಷ್ಟೂ ತಿಂಗಳಲ್ಲಿ ಅವನನ್ನು ಮಲಗಿಸಿ, ಕೈಗವಸು ಹಾಕಿಕೊಂಡು ಒಂದು ಬೆರಳಿಂದ ಒಳಗೆ ಮುಟ್ಟಿ ನೋಡಿದವರು ಒಬ್ಬರೂ ಇಲ್ಲ. ಇದನ್ನು ನೆನೆದರೆ ನನಗೆ ಈಗಲೂ ಕೋಪ ಬರುತ್ತದೆ. ಗುದನಾಳ ಅಂದರೆ ದೊಡ್ಡ ಕರುಳಿನ ಕೊನೆಯ ಹದಿನೈದು ಸೆಂಟಿಮೀಟರಿನಷ್ಟು ಭಾಗ. ಅದರ ಕೆಳಗಿನ ಅರ್ಧದಲ್ಲಿ ಗಡ್ಡೆ ಬೆಳೆದಿದ್ದರೆ ಅದನ್ನು ಪತ್ತೆ ಮಾಡಲು ಯಂತ್ರ ಬೇಡ, ಕರೆಂಟು ಬೇಡ, ದುಡ್ಡೂ ಬೇಡ.

ಕೊನೆಗೆ ಆ ಬೆರಳು ಬಂದದ್ದು ನಮ್ಮ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ. ಮಾವ ಹೋಗಿದ್ದು ಬಿಪಿ ಮಾತ್ರೆಗೆ. ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗಿ ಡಾಕ್ಟರು, ಕೆನ್ನೆಯ ಎಲುಬು ಕಾಣುತ್ತಿದ್ದ ಅವನ ಮುಖ ನೋಡಿ, ತೂಕ ಇಳಿದಿದೆಯಾ ಅಂತ ಕೇಳಿದರಂತೆ. ಒಂದು ಮಾತಿಗೆ ಒಂದು ಮಾತು ಹೊರಬಂತು. "ಎಡಕ್ಕೆ ತಿರುಗಿ ಮಲಗಿ, ಮೊಣಕಾಲು ಮಡಚಿ" ಅಂದರು. ಮಾವ ನಾಚಿಕೆಯಿಂದ, ಇನ್ನೊಂದು ದಿನ ಬರ್ತೀನಮ್ಮಾ ಅಂದನಂತೆ. ಆ ಹುಡುಗಿ ಬಿಡಲಿಲ್ಲ. ಎರಡು ನಿಮಿಷದ ಕೆಲಸ. ಬೆರಳ ತುದಿಗೆ ಗಟ್ಟಿಯಾಗಿ, ತರಿತರಿಯಾಗಿ ಏನೋ ತಾಗಿತು. "ಇದು ಮೂಲವ್ಯಾಧಿ ಅಲ್ಲ. ನಾಳೆನೇ ಶಿವಮೊಗ್ಗಕ್ಕೆ ಹೋಗಿ" ಅಂತ ಚೀಟಿ ಬರೆದುಕೊಟ್ಟರು.

ಆಮೇಲಿನದು ಬೇಗ ಬೇಗ ಆಯಿತು. ಶಿವಮೊಗ್ಗದಲ್ಲಿ ಕೊಲೊನೋಸ್ಕೋಪಿ, ಬಯಾಪ್ಸಿ. ವರದಿ ಬಂದದ್ದು 2023ರ ಚೌತಿ ಹಬ್ಬ ಕಳೆದ ವಾರ: ಗುದನಾಳದ ಕ್ಯಾನ್ಸರ್. ಮಾವ, ಅತ್ತೆ ಇಬ್ಬರೂ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಬಂದು ನಮ್ಮ ಮನೆಯಲ್ಲಿ ಇಳಿದರು. ಹೊಟ್ಟೆಗೂ ಎದೆಗೂ ಸಿಟಿ ಸ್ಕ್ಯಾನ್ ಆಯಿತು. ಲಿವರ್, ಶ್ವಾಸಕೋಶ ಎರಡೂ ಸ್ವಚ್ಛ. ಕೆಳಹೊಟ್ಟೆಗೆ ಎಂಆರ್‌ಐ ಆಯಿತು. ಆ ಚಿತ್ರವನ್ನು ಡಾಕ್ಟರು ಕಂಪ್ಯೂಟರಿನ ಪರದೆಯ ಮೇಲೆ ನಮಗೇ ತೋರಿಸಿದರು. ಗಡ್ಡೆಯ ಕೆಳಗಿನ ಅಂಚು ಗುದದ್ವಾರದಿಂದ ಏಳು ಸೆಂಟಿಮೀಟರ್ ಮೇಲೆ. ಕರುಳಿನ ಗೋಡೆಯನ್ನು ಪೂರ್ತಿ ಕೊರೆದು ಸುತ್ತಲಿನ ಕೊಬ್ಬಿನೊಳಗೆ ಇಳಿದಿತ್ತು. ಆ ಕೊಬ್ಬಿನಲ್ಲಿರುವ ದುಗ್ಧಗ್ರಂಥಿಗಳಲ್ಲಿ ಒಂದೆರಡು ಊದಿಕೊಂಡಿದ್ದವು. ಆದರೆ ಕೊಬ್ಬಿನ ಹೊರಗೆ ತೆಳ್ಳನೆಯ ಒಂದು ಪೊರೆ ಇರುತ್ತದೆ. ಗಡ್ಡೆ ಅದನ್ನು ಮುಟ್ಟಿರಲಿಲ್ಲ, ನಡುವೆ ಕೆಲವು ಮಿಲಿಮೀಟರ್ ಜಾಗ ಉಳಿದಿತ್ತು. ಡಾಕ್ಟರು ಪೆನ್ಸಿಲ್ ತುದಿಯಿಂದ ಆ ಕಪ್ಪು ಗೆರೆಯನ್ನು ತೋರಿಸಿ, "ಇವರ ಅದೃಷ್ಟ ಇರೋದು ಇಲ್ಲಿ" ಅಂದರು. ರೋಗ ಮೂರನೆಯ ಹಂತದಲ್ಲಿದೆ, ಇದ್ದ ಜಾಗದಲ್ಲೇ ಬಲಿತಿದೆ, ಆದರೆ ದೂರದ ಅಂಗಕ್ಕೆ ಹಾರಿಲ್ಲ, ಗುಣ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುತ್ತೇವೆ ಅಂತ ಅತ್ತೆಯ ಮುಖ ನೋಡಿ ನಿಧಾನವಾಗಿ ಹೇಳಿದರು. ಅತ್ತೆ ಆವರೆಗೆ ಹಿಡಿದುಕೊಂಡಿದ್ದ ಅಳುವನ್ನು ಆಗ ಬಿಟ್ಟಳು.

ಜಗಳ ಶುರುವಾದದ್ದು ಆಮೇಲೆ. "ಹಂಗಾರೆ ನಾಳೆನೇ ಕೊಯ್ದು ತೆಗೆದುಬಿಡಿ ಸಾರ್" ಅಂದ ಮಾವ. ಡಾಕ್ಟರು ಆಗುವುದಿಲ್ಲ ಅಂದರು. ಮೊದಲು ಮೂರು ತಿಂಗಳು ಕೀಮೋ, ಆಮೇಲೆ ಮತ್ತೆ ಸ್ಕ್ಯಾನ್, ಆಮೇಲೆ ಆಪರೇಷನ್. ಮಾವನಿಗೆ ಇದು ತಲೆಗೇ ಹೋಗಲಿಲ್ಲ. ಒಂದು ವರ್ಷ ಮೂಲವ್ಯಾಧಿ ಅಂತ ಕಾದು ಕಾದು ಇಲ್ಲಿಗೆ ಬಂದು ನಿಂತಿದ್ದೇವೆ, ಈಗ ಗೊತ್ತಾದ ಮೇಲೂ ಕಾಯಿರಿ ಅನ್ನುತ್ತಾರಲ್ಲ! ರಾತ್ರಿ ನಮ್ಮ ಮನೆಯಲ್ಲಿ ಊಟ ಬಿಟ್ಟು ಕೂತ. "ಪುಟ್ಟಿ, ಮೈಯೊಳಗೆ ಅದನ್ನ ಇಟ್ಟುಕೊಂಡು ಮೂರು ತಿಂಗಳು ಹೆಂಗೆ ಮಲಗೋದು ಹೇಳು?" ಅಂತ ನನ್ನನ್ನು ಕೇಳಿದ. ಆ ಪ್ರಶ್ನೆ ನ್ಯಾಯವಾದದ್ದೇ. ಮರುದಿನ ಅದನ್ನೇ ಡಾಕ್ಟರ ಮುಂದೆ ಇಟ್ಟೆವು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಅವರು ನಮಗೆ ಬೇಕಾದಷ್ಟು ಹೊತ್ತು ಕೊಟ್ಟರು.

ಅವರು ನೂರು ವರ್ಷ ಹಿಂದಕ್ಕೆ ಹೋದರು. 1908ರಲ್ಲಿ ಲಂಡನ್ನಿನ ಅರ್ನೆಸ್ಟ್ ಮೈಲ್ಸ್ ಎಂಬ ಸರ್ಜನ್ ಈ ರೋಗಕ್ಕೆ ಒಂದು ದೊಡ್ಡ ಆಪರೇಷನ್ ರೂಪಿಸಿದರು. ಹೊಟ್ಟೆಯಿಂದಲೂ ಕೆಳಗಿನಿಂದಲೂ ಕೊಯ್ದು ಗುದನಾಳ, ಗುದದ್ವಾರ ಎಲ್ಲವನ್ನೂ ತೆಗೆಯುವುದು. ಬದುಕಿರುವಷ್ಟು ಕಾಲ ಹೊಟ್ಟೆಯ ಮೇಲೆ ಚೀಲ. ಅದರಿಂದ ಜನ ಬದುಕಿದರು, ಸುಳ್ಳಲ್ಲ. ಆದರೆ ಮುಂದಿನ ಎಷ್ಟೋ ದಶಕಗಳವರೆಗೆ ಗುದನಾಳದ ಆಪರೇಷನ್ ಆದ ನಾಲ್ವರು ಐವರಲ್ಲಿ ಒಬ್ಬರಿಗಾದರೂ ರೋಗ ಅದೇ ಜಾಗದಲ್ಲಿ ಮರಳುತ್ತಿತ್ತು. ಕಾರಣ ಏನೆಂದು ತೋರಿಸಿದವರಲ್ಲಿ ಮುಖ್ಯರು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಎಂಬ ಊರಿನ ಬಿಲ್ ಹೀಲ್ಡ್. ಕ್ಯಾನ್ಸರಿನ ಸಣ್ಣ ಕಣಗಳು ಗುದನಾಳದ ಸುತ್ತಲಿನ ಕೊಬ್ಬಿನಲ್ಲೇ ಉಳಿದುಬಿಡುತ್ತವೆ. ಕೈಯಿಂದ ಎಳೆದು ಬಿಡಿಸುವಾಗ ಆ ಕೊಬ್ಬು ಹರಿದು ಚೂರುಗಳು ಒಳಗೇ ಉಳಿಯುತ್ತವೆ. ಹಾಗಾಗಿ ಹೊರಗಿನ ಪೊರೆ ಎಲ್ಲಿಯೂ ಹರಿಯದಂತೆ, ಕಣ್ಣಿಗೆ ಕಾಣುವ ಹಾಗೆ, ಕೊಬ್ಬಿನ ಸಮೇತ ಇಡಿಯಾಗಿ ಬಿಡಿಸಿ ತರಬೇಕು. 1982ರಲ್ಲಿ ಅವರು ಇದನ್ನು ಬರೆದರು. ಜಗತ್ತಿನ ಸರ್ಜನ್ನರು ಕಲಿತರು. ರೋಗ ಮರುಕಳಿಸುವುದು ನೂರರಲ್ಲಿ ಹತ್ತಕ್ಕಿಂತ ಕಡಿಮೆ ಮಂದಿಗೆ ಇಳಿಯಿತು. ಅದರ ಜೊತೆಗೆ ಆಪರೇಷನ್ನಿಗೆ ಮುಂಚೆ ರೇಡಿಯೇಷನ್ ಕೊಡುವ ಪದ್ಧತಿ ಸ್ವೀಡನ್, ಜರ್ಮನಿಗಳ ಪ್ರಯೋಗಗಳಿಂದ ಗಟ್ಟಿಯಾಯಿತು.

"ಈಗ ನಮ್ಮ ಕಷ್ಟ ಬೇರೆ" ಅಂದರು ಡಾಕ್ಟರು. ಇದ್ದ ಜಾಗದಲ್ಲಿ ರೋಗ ಹತೋಟಿಗೆ ಬರುತ್ತದೆ, ಆದರೆ ಎರಡು ಮೂರು ವರ್ಷದ ಮೇಲೆ ಲಿವರಿನಲ್ಲೋ ಶ್ವಾಸಕೋಶದಲ್ಲೋ ಕಾಣಿಸಿಕೊಳ್ಳುತ್ತದೆ. ಅಂದರೆ ಆಪರೇಷನ್ ದಿನವೇ ಅದರ ಬೀಜ ರಕ್ತದಲ್ಲಿ ಓಡಾಡುತ್ತಿತ್ತು, ಯಾವ ಸ್ಕ್ಯಾನಿಗೂ ಸಿಗದಷ್ಟು ಸಣ್ಣದಾಗಿ. ಕತ್ತಿ ಅದನ್ನು ಮುಟ್ಟಲಾರದು. ರಕ್ತದಲ್ಲಿ ಹರಿಯುವ ಔಷಧವೇ ಮುಟ್ಟಬೇಕು. ಆಪರೇಷನ್ ಆದ ಮೇಲೆ ಕೀಮೋ ಕೊಡೋಣವೆಂದರೆ ರೋಗಿ ಸೋತಿರುತ್ತಾನೆ, ಗಾಯ ಮಾಯಬೇಕು, ಎಷ್ಟೋ ಜನ ಅರ್ಧಕ್ಕೆ ಬಿಡುತ್ತಾರೆ. ಮೊದಲೇ ಕೊಟ್ಟರೆ ಮೈಯಲ್ಲಿ ಶಕ್ತಿ ಇರುತ್ತದೆ, ಜೊತೆಗೆ ಗಡ್ಡೆ ಔಷಧಕ್ಕೆ ಬಗ್ಗುತ್ತದೋ ಇಲ್ಲವೋ ಕಣ್ಣೆದುರಿಗೇ ಗೊತ್ತಾಗುತ್ತದೆ.

ರೇಡಿಯೇಷನ್ ಬೇಡವೇ ಅಂತ ನಾನು ಕೇಳಿದೆ. ಆ ವರ್ಷದ ಜೂನಿನಲ್ಲಷ್ಟೇ ಅಮೆರಿಕದಿಂದ ಪ್ರಾಸ್ಪೆಕ್ಟ್ ಎಂಬ ದೊಡ್ಡ ಅಧ್ಯಯನದ ಫಲಿತಾಂಶ ಬಂದಿತ್ತು. ಮಾವನಂಥದೇ ಗಡ್ಡೆ ಇದ್ದ 1,128 ಮಂದಿಗೆ ಚಿಕಿತ್ಸೆ ಕೊಟ್ಟಿದ್ದರು. ಒಂದು ಗುಂಪಿಗೆ ರೂಢಿಯಂತೆ ಕೀಮೋ ಮಾತ್ರೆಯ ಜೊತೆ ಐದೂವರೆ ವಾರ ರೇಡಿಯೇಷನ್, ಇನ್ನೊಂದಕ್ಕೆ ಫಾಲ್‌ಫಾಕ್ಸ್ ಎಂಬ ಕೀಮೋ ಆರು ಸಲ. ಆರು ಸಲದ ಕೊನೆಗೆ ಗಡ್ಡೆ ಕನಿಷ್ಠ ಶೇಕಡಾ 20ರಷ್ಟು ಕುಗ್ಗಿದ್ದರೆ ನೇರ ಆಪರೇಷನ್, ಇಲ್ಲದಿದ್ದರೆ ರೇಡಿಯೇಷನ್. ಕೀಮೋ ಗುಂಪಿನಲ್ಲಿ ಆಪರೇಷನ್ನಿಗೆ ಮುಂಚೆ ರೇಡಿಯೇಷನ್ ಬೇಕಾದದ್ದು ಶೇಕಡಾ 9 ಮಂದಿಗೆ ಮಾತ್ರ. ಐದು ವರ್ಷದ ನಂತರ ರೋಗವಿಲ್ಲದೆ ಬದುಕಿದ್ದವರು ಅದರಲ್ಲಿ ಶೇಕಡಾ 80.8, ರೇಡಿಯೇಷನ್ ಗುಂಪಿನಲ್ಲಿ 78.6. ಎರಡೂ ಹೆಚ್ಚುಕಡಿಮೆ ಸಮ. ಕೆಳಹೊಟ್ಟೆಗೆ ಬಿದ್ದ ರೇಡಿಯೇಷನ್ ಕರುಳಿನ ಹಿಡಿತ, ಮೂತ್ರದ ಹಿಡಿತ, ಗಂಡಹೆಂಡಿರ ಸಂಬಂಧ, ಮೂಳೆಯ ಬಲ ಎಲ್ಲದರ ಮೇಲೂ ವರ್ಷಗಟ್ಟಲೆ ಗುರುತು ಬಿಡಬಲ್ಲದು. ಬೇಡದಿದ್ದವರಿಗೆ ಅದನ್ನು ಉಳಿಸಿಕೊಡಬಹುದು ಅಂದರೆ ಸಣ್ಣ ಮಾತಲ್ಲ. ಇನ್ನೂ ಕೆಳಗೆ ಇರುವ, ಪೊರೆಯನ್ನು ಮುಟ್ಟಿರುವ ಗಡ್ಡೆಗಳಿಗೆ ಈ ದಾರಿ ಸಲ್ಲದು, ಅವಕ್ಕೆ ರೇಡಿಯೇಷನ್ ಬೇಕೇಬೇಕು ಅಂತಲೂ ಅವರು ಸ್ಪಷ್ಟವಾಗಿ ಹೇಳಿದರು. ಬಯಾಪ್ಸಿಯ ತುಣುಕಿನ ಮೇಲೆ ಮತ್ತೊಂದು ಪರೀಕ್ಷೆಯನ್ನೂ ಮಾಡಿಸಿದ್ದರು. ನೂರರಲ್ಲಿ ಐದು ಹತ್ತು ಜನರ ಗಡ್ಡೆ ಡಿಎನ್‌ಎ ತಪ್ಪುಗಳನ್ನು ತಿದ್ದುವ ಶಕ್ತಿ ಕಳೆದುಕೊಂಡಿರುತ್ತದಂತೆ. ಅಂಥವರಿಗೆ ಇಮ್ಯುನೋಥೆರಪಿ ಒಂದರಿಂದಲೇ ಗಡ್ಡೆ ಮಾಯವಾದದ್ದನ್ನು 2022ರಲ್ಲಿ ನ್ಯೂಯಾರ್ಕಿನ ವೈದ್ಯರು ಜಗತ್ತಿಗೆ ತೋರಿಸಿದ್ದರು. ಮಾವನದು ಆ ಜಾತಿಯದಲ್ಲ.

ಮಾವ ಎಲ್ಲ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಅಂದರೆ ಇದು ಕೊಳೆ ಔಷಧಿ ಇದ್ದಂಗೆ" ಅಂದ. ಬೆಂಗಳೂರಿನ ಡಾಕ್ಟರಿಗೆ ಅರ್ಥವಾಗಲಿಲ್ಲ. ಮಾವನೇ ವಿವರಿಸಿದ. ಅಡಿಕೆಗೆ ಕೊಳೆರೋಗ ಬರುತ್ತದೆ. ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲೇ, ಕೊನೆಗಳು ಹಸಿರಾಗಿ ಚೆನ್ನಾಗಿ ಕಾಣುವಾಗಲೇ ಹೊಡೆಯಬೇಕು. ಕೊಳೆತದ್ದನ್ನು ಕಿತ್ತು ಹಾಕಿದರೆ ಆ ಕೊನೆ ಹೋಯಿತು ಅಷ್ಟೆ. ಕಣ್ಣಿಗೆ ಕಾಣದ್ದು ಆಗಲೇ ತೋಟವೆಲ್ಲ ಹಬ್ಬಿರುತ್ತದೆ. ಡಾಕ್ಟರು ಕುರ್ಚಿಯಿಂದ ಮುಂದೆ ಬಾಗಿ ಕೇಳಿಸಿಕೊಂಡರು. "ಹೌದು, ಹೌದು" ಅಂದರು. ಜಗಳ ಅಲ್ಲಿಗೆ ಮುಗಿಯಿತು.

ಮೊದಲ ಕೀಮೋ ಬೆಂಗಳೂರಿನಲ್ಲೇ ಆಯಿತು. ಕೊರಳೆಲುಬಿನ ಕೆಳಗೆ, ಚರ್ಮದ ಅಡಿಯಲ್ಲಿ ಪೋರ್ಟ್ ಅಂತ ಒಂದು ಪುಟ್ಟ ಬಿಲ್ಲೆ ಕೂರಿಸಿದರು, ಪ್ರತಿ ಸಲ ಕೈಯ ನರ ಹುಡುಕುವ ಹಿಂಸೆ ತಪ್ಪಿತು. ಉಳಿದದ್ದು ಶಿವಮೊಗ್ಗದಲ್ಲಿ, ಹದಿನೈದು ದಿನಕ್ಕೊಮ್ಮೆ. ಬೆಳಿಗ್ಗೆ ಎರಡು ಗಂಟೆ ಆಕ್ಸಾಲಿಪ್ಲಾಟಿನ್ ಎಂಬ ಔಷಧ ಇಳಿಯುತ್ತದೆ. ಪ್ಲಾಟಿನಂ ಲೋಹದಿಂದ ಮಾಡಿದ್ದಂತೆ; 1976ರಲ್ಲಿ ಜಪಾನಿನ ನಗೋಯಾದಲ್ಲಿ ಕಂಡುಹಿಡಿದದ್ದು. ಆಮೇಲೆ ಫ್ಲೋರೋಯುರಾಸಿಲ್. ಇದು ಅದಕ್ಕಿಂತ ಹಳೆಯದು, 1957ರಿಂದ ಇದೆ. ಇದನ್ನು ನಲವತ್ತಾರು ಗಂಟೆ ಸಣ್ಣಗೆ ಹರಿಸಬೇಕು. ಅದಕ್ಕೆ ಆಸ್ಪತ್ರೆಯಲ್ಲಿ ಇರಬೇಕಾಗಿಲ್ಲ. ಹಾಲಿನ ಬಾಟಲಿಯಷ್ಟು ದೊಡ್ಡ ಒಂದು ಪಂಪು, ಒಳಗೆ ಔಷಧ ತುಂಬಿದ ರಬ್ಬರ್ ಚೆಂಡು. ಕರೆಂಟು, ಬ್ಯಾಟರಿ ಏನೂ ಇಲ್ಲ. ಚೆಂಡು ತಾನಾಗಿ ಕುಗ್ಗುತ್ತಾ ಔಷಧ ಒಳಗೆ ಹೋಗುತ್ತದೆ. ಅದನ್ನು ಸೊಂಟದ ಚೀಲದಲ್ಲಿ ಹಾಕಿಕೊಂಡು ಮಾವ ಊರಿಗೆ ಬಂದುಬಿಡುತ್ತಿದ್ದ. ಮೊದಲ ರಾತ್ರಿ ಅತ್ತೆ ಟಾರ್ಚು ಹಿಡಿದು ಎಷ್ಟು ಸಲ ಎದ್ದು ಆ ಚೆಂಡು ನೋಡಿದಳೋ! ಮೂರನೆಯ ದಿನ ಮತ್ತೆ ಶಿವಮೊಗ್ಗಕ್ಕೆ ಹೋಗಿ ಬಿಚ್ಚಿಸಿಕೊಂಡು ಬರುವುದು.

ತಣ್ಣನೆಯದನ್ನು ಮುಟ್ಟಲಾಗದ ಕಾಟ ಆ ಪ್ಲಾಟಿನಂ ಔಷಧದ್ದು. ಆ ಸಲದ ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ, ಅವನು ಪ್ರತಿ ವರ್ಷ ತಾನೇ ಬಾವಿಯಿಂದ ಸೇದಿ ಹಂಡೆ ತುಂಬುತ್ತಿದ್ದವನು, ಹಗ್ಗ ಮುಟ್ಟಲಾರದೆ ಕಟ್ಟೆಯ ಮೇಲೆ ನಿಂತು ಮಗನಿಂದ ಸೇದಿಸಿದ. ಮಗ ಪುಣೆಯಲ್ಲಿ ಕೆಲಸದಲ್ಲಿದ್ದವನು ರಜೆ ಹಾಕಿ ಬಂದಿದ್ದ. ಕೊಯ್ಲು ಶುರುವಾಯಿತು. ತೋಟಕ್ಕೆ ಇಳಿಯಲು ಮಾವನಿಗೆ ಆಗಲಿಲ್ಲ. ಅಕ್ಕಪಕ್ಕದ ಮನೆಯವರು ಹೇಳಿಸಿಕೊಳ್ಳದೆ ಬಂದು ಕೊನೆ ಇಳಿಸಿದರು, ಹೆಂಗಸರು ರಾತ್ರಿ ಹನ್ನೊಂದರವರೆಗೂ ಮೆಟ್ಟುಗತ್ತಿ ಇಟ್ಟುಕೊಂಡು ಸುಲಿದರು. ಅಡಿಕೆ ಬೇಯಿಸುವ ಒಲೆಯ ಉಸ್ತುವಾರಿ ಮಾತ್ರ ಮಾವನದು. ಚೊಗರಿನ ಹದ ನೋಡುವ ಕೆಲಸವನ್ನು ಅವನು ಯಾರಿಗೂ ಬಿಟ್ಟುಕೊಡಲಿಲ್ಲ.

ಅಲ್ಲಿ ಬೆಂಕಿಯ ಮುಂದೆ ಅವನ ನಾಚಿಕೆ ಒಂದೊಂದೇ ದಿನ ಕರಗಿದ್ದನ್ನು ನಾನು ಕಂಡೆ. ಮೊದಲ ವಾರಗಳಲ್ಲಿ ಯಾರಾದರೂ ಕೇಳಿದರೆ, "ಹೊಟ್ಟೆಯಲ್ಲಿ ಒಂದು ಗಂಟು" ಅನ್ನುತ್ತಿದ್ದ. ಅಡಿಕೆ ಬೇಯಿಸುವ ಹೊತ್ತಿಗೆ ಜಾಗದ ಹೆಸರು ಹಿಡಿದೇ ಹೇಳುತ್ತಿದ್ದ. ರಕ್ತ ಹೇಗೆ ಹೋಗುತ್ತಿತ್ತು, ಯಾವ ಬಣ್ಣ, ಎಷ್ಟು ದಿನ ಮುಚ್ಚಿಟ್ಟೆ, ಆ ಹುಡುಗಿ ಡಾಕ್ಟರು ಏನು ಮಾಡಿದರು, ಎಲ್ಲ. ಒಂದು ರಾತ್ರಿ, ಕೊನೆ ಇಳಿಸಲು ಬಂದಿದ್ದ ನಲವತ್ತು ದಾಟದ ಹುಡುಗನೊಬ್ಬ ಎಲ್ಲರೂ ಹೋದ ಮೇಲೂ ಎದ್ದು ಹೋಗದೆ ಕೂತ. ತನಗೂ ಹಾಗೇ ಆಗುತ್ತಿದೆ ಅಂದ. ಮಾವ ಮರುದಿನವೇ ಅವನನ್ನು ಆರೋಗ್ಯ ಕೇಂದ್ರಕ್ಕೆ ಅಟ್ಟಿದ. ಪುಣ್ಯಕ್ಕೆ ಅವನದು ನಿಜವಾಗಿಯೂ ಮೂಲವ್ಯಾಧಿಯೇ ಆಗಿತ್ತು. ಆದರೆ ವಯಸ್ಸು ಚಿಕ್ಕದೆಂದು ಧೈರ್ಯ ತಂದುಕೊಳ್ಳುವ ಹಾಗಿಲ್ಲ. ಕೀಮೋ ವಾರ್ಡಿನಲ್ಲಿ ಮಾವನ ಪಕ್ಕದ ಕುರ್ಚಿಯಲ್ಲಿ ಇದೇ ರೋಗಕ್ಕೆ ಔಷಧ ಹಾಕಿಸಿಕೊಳ್ಳುತ್ತಿದ್ದ ಹಾವೇರಿ ಕಡೆಯ ಹುಡುಗನಿಗೆ ಇನ್ನೂ ಮೂವತ್ತೆರಡು.

ಎಲ್ಲವೂ ಸಲೀಸಾಗಿ ಹೋಯಿತು ಅಂದುಕೊಳ್ಳಬೇಡಿ. ನಾಲ್ಕನೆಯ ಕೀಮೋ ಆದ ಮೇಲೆ ಒಂದು ರಾತ್ರಿ ಮಾವನಿಗೆ ನಡುಕ ಬಂತು. ಅತ್ತೆ ಥರ್ಮಾಮೀಟರ್ ಇಟ್ಟಳು, 101. ಕೀಮೋ ನಡೆಯುವಾಗ ಜ್ವರ 100.4 ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ಅರ್ಧರಾತ್ರಿಯಾದರೂ ಹೊರಡಿ ಅಂತ ನರ್ಸು ಬರೆದುಕೊಟ್ಟ ಚೀಟಿ ಅಡುಗೆಮನೆಯ ಗೋಡೆಗೆ ಅಂಟಿಸಿತ್ತು. ಅತ್ತೆ ಅದನ್ನು ಅಕ್ಷರಶಃ ಪಾಲಿಸಿದಳು. ಮಂಜು ತುಂಬಿದ ರಸ್ತೆಯಲ್ಲಿ ಪಕ್ಕದ ಮನೆಯವರ ಜೀಪಿನಲ್ಲಿ ಕರೆದೊಯ್ದರು. ರಕ್ತದಲ್ಲಿ ಬಿಳಿಕಣ ಪಾತಾಳಕ್ಕೆ ಇಳಿದಿತ್ತು. ಸೋಂಕಿನ ವಿರುದ್ಧ ಹೋರಾಡಲು ಮೈಯಲ್ಲಿ ಸೈನ್ಯವೇ ಇರಲಿಲ್ಲ. ಆಂಟಿಬಯೋಟಿಕ್ ಹಾಕಿದರು, ಬಿಳಿಕಣ ಏರಿಸುವ ಇಂಜೆಕ್ಷನ್ ಕೊಟ್ಟರು. ಬೆಳಗಿನವರೆಗೆ ಕಾದಿದ್ದರೆ ಏನಾಗುತ್ತಿತ್ತೋ ಅಂತ ಅಲ್ಲಿನ ಡಾಕ್ಟರೇ ಅಂದರು. ಐದನೆಯ ಕೀಮೋ ಒಂದು ವಾರ ಮುಂದೆ ಹೋಯಿತು.

ಆದರೆ ಅಷ್ಟರಲ್ಲಿ ರಕ್ತ ಹೋಗುವುದು ನಿಂತಿತ್ತು. ಎರಡನೆಯ ಕೀಮೋ ಕಳೆದ ಮೇಲೆಯೇ ನಿಂತಿತ್ತು. ಪದೇ ಪದೇ ಹೊರಗೆ ಓಡುವುದೂ ಕಡಿಮೆಯಾಗಿತ್ತು. ಮಾವ ಇದನ್ನು ಫೋನಿನಲ್ಲಿ ಹೇಳುವಾಗ ದನಿ ತಗ್ಗಿಸಿ ಹೇಳುತ್ತಿದ್ದ, ಗಟ್ಟಿಯಾಗಿ ಹೇಳಿದರೆ ದೃಷ್ಟಿ ತಾಗೀತು ಅನ್ನುವ ಭಯ. ಜನವರಿಯಲ್ಲಿ ಮತ್ತೆ ಎಂಆರ್‌ಐ. ಹಳೆಯ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ಗಡ್ಡೆ ಅರ್ಧಕ್ಕಿಂತ ಹೆಚ್ಚು ಕುಗ್ಗಿತ್ತು, ಉಳಿದದ್ದರಲ್ಲೂ ಬಹುಪಾಲು ಬರೀ ಕಲೆಯಾಗಿ ಕಾಣುತ್ತಿತ್ತು. ರೇಡಿಯೇಷನ್ ಬೇಕಿಲ್ಲ. ಇನ್ನು ಕತ್ತಿಯ ಸರದಿ.

ಆಪರೇಷನ್ನಿನ ಹಿಂದಿನ ದಿನ ಸ್ಟೋಮಾ ನರ್ಸು ಬಂದು ಮಾವನನ್ನು ನಿಲ್ಲಿಸಿದರು, ಕೂರಿಸಿದರು, ಬಗ್ಗಿಸಿದರು. "ಪಂಚೆ ಎಲ್ಲಿ ಕಟ್ತೀರಿ? ಕಟ್ಟಿ ತೋರಿಸಿ" ಅಂದರು. ಕಟ್ಟಿದ. ಆ ಗಂಟಿನ ಗೆರೆಗೆ ಸಿಗದಂತೆ, ಹೊಟ್ಟೆಯ ಮಡಿಕೆ ಬೀಳದ ಜಾಗ ನೋಡಿ, ಬಲಗಡೆ ಒಂದು ಕಪ್ಪು ಚುಕ್ಕೆ ಹಾಕಿದರು. ಕರುಳು ಜೋಡಿಸಿದ ಹೊಲಿಗೆ ಕೆಳಗಡೆ ಮಾಯುವವರೆಗೆ ಸಣ್ಣ ಕರುಳಿನ ಒಂದು ಕೊಂಡಿಯನ್ನು ಆ ಚುಕ್ಕೆಯಲ್ಲಿ ಹೊರಗೆ ತಂದಿಡುತ್ತಾರೆ. ಅದೇ ಸ್ಟೋಮಾ, ಅದರ ಮೇಲೆ ಚೀಲ. ಕೆಲವು ತಿಂಗಳ ಮೇಲೆ ಒಳಗೆ ಹಾಕುತ್ತಾರೆ. ಚೀಲದ ಮಾತು ಕೇಳಿದಾಗಿನಿಂದ ಮಾವ ಕುಗ್ಗಿಹೋಗಿದ್ದ. ಆದರೆ ತಾನು ಪಂಚೆ ಉಡುವ ರೀತಿಯನ್ನು ಇನ್ನೊಬ್ಬರು ಅಷ್ಟು ಗಮನವಿಟ್ಟು ಕೇಳಿದ್ದು ಅವನಿಗೆ ಹಿಡಿಸಿತು. ರಾತ್ರಿ ಅದನ್ನೇ ಅತ್ತೆಗೆ ಮತ್ತೆ ಮತ್ತೆ ಹೇಳುತ್ತಿದ್ದ.

ಆಪರೇಷನ್ ಲ್ಯಾಪ್ರೊಸ್ಕೋಪಿಯಲ್ಲಿ. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಉಬ್ಬಿಸಿ, ಬೆರಳು ತೂರುವಷ್ಟೇ ಅಗಲದ ಐದು ತೂತುಗಳಿಂದ ಕ್ಯಾಮೆರಾ ಮತ್ತು ಉದ್ದನೆಯ ಸಲಕರಣೆ ಇಳಿಸುತ್ತಾರೆ. ಗಂಡಸರ ಕೆಳಹೊಟ್ಟೆಯ ಎಲುಬಿನ ಗೂಡು ಇಕ್ಕಟ್ಟು. ದೊಡ್ಡದಾಗಿ ಕೊಯ್ದು ಮೇಲಿನಿಂದ ಇಣುಕಿದರೆ ತಳ ಕಾಣುವುದೇ ಕಷ್ಟ. ಕ್ಯಾಮೆರಾ ಆ ಗೂಡಿನ ಒಳಗೇ ಇಳಿದು ಎಲ್ಲವನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಪೊರೆ ಎಲ್ಲಿದೆ, ಅದರ ಹಿಂದೆ ಮೂತ್ರಕೋಶಕ್ಕೆ ಹೋಗುವ ನೂಲಿನಂಥ ನರಗಳು ಎಲ್ಲಿವೆ, ಎಲ್ಲ. "ಆದರೆ ತೂತು ಸಣ್ಣದು ಅನ್ನೋ ಖುಷಿಗೆ ಇದನ್ನ ಮಾಡೋದಲ್ಲ" ಅಂತ ಸರ್ಜನ್ ಮೊದಲೇ ಹೇಳಿದ್ದರು. 2015ರಲ್ಲಿ ಬಂದ ದೊಡ್ಡ ಅಧ್ಯಯನವೊಂದರಲ್ಲಿ ಮೂರು ವರ್ಷದ ನಂತರ ಅದೇ ಜಾಗಕ್ಕೆ ರೋಗ ಮರಳಿದ್ದು ಎರಡೂ ವಿಧಾನದಲ್ಲಿ ಶೇಕಡಾ 5. ಅದೇ ವರ್ಷ ಬಂದ ಇನ್ನೆರಡು ಅಧ್ಯಯನಗಳು ಅಷ್ಟು ಧೈರ್ಯ ಕೊಟ್ಟಿರಲಿಲ್ಲ. ಹಾಗಾಗಿ ಪಳಗಿದ ಕೈ ಬೇಕು. ಪೊರೆ ಹರಿಯುವ ಸೂಚನೆ ಕಂಡರೆ ಹೊಟ್ಟೆ ತೆರೆಯುವುದಕ್ಕೆ ಹಿಂಜರಿಯಬಾರದು ಅಂದಿದ್ದರು. ಆ ಮಾತು ಕೇಳಿಯೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು.

ಬೆಳಿಗ್ಗೆ ಎಂಟಕ್ಕೆ ಒಳಗೆ ಹೋದ ಮಾವ ಹೊರಗೆ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು. ಅದಕ್ಕೆ ಮುಂಚೆ ಸರ್ಜನ್ ಬಂದು ತಮ್ಮ ಫೋನಿನಲ್ಲಿ ತೆಗೆದ ಚಿತ್ರ ತೋರಿಸಿದರು. ಅತ್ತೆ ನೋಡಲಾರೆ ಅಂದಳು, ನಾನೂ ಮಾವನ ಮಗನೂ ನೋಡಿದೆವು. ಹಳದಿ ಕೊಬ್ಬು, ಅದರ ಮೇಲೆ ಒಂದೇ ಒಂದು ಗೀರೂ ಇಲ್ಲದ ಹೊಳೆಯುವ ಪೊರೆ. ಕೆಳಹೊಟ್ಟೆಯಲ್ಲಿ ಮಾಡಿದ ಸಣ್ಣ ಸೀಳಿನಿಂದ ಅದನ್ನು ಇಡಿಯಾಗಿ ಹೊರಗೆ ತಂದಿದ್ದರು. ಉಳಿದ ಕರುಳಿನ ಎರಡು ತುದಿಗಳನ್ನು ಸ್ಟೇಪ್ಲರಿನಿಂದ ಜೋಡಿಸಿ, ನೀರು ತುಂಬಿ ಗಾಳಿ ಊದಿ ಗುಳ್ಳೆ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡಿದ್ದರು. ಮರುದಿನ ಬೆಳಿಗ್ಗೆ ಮಾವನನ್ನು ಎಬ್ಬಿಸಿ ಕಾರಿಡಾರಿನಲ್ಲಿ ನಡೆಸಿದಾಗ ಅತ್ತೆ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಅವಳ ಅಪ್ಪನಿಗೆ ಹೊಟ್ಟೆಯ ಆಪರೇಷನ್ ಆದಾಗ ವಾರಗಟ್ಟಲೆ ಮಲಗಿದ್ದದ್ದು ಅವಳಿಗೆ ನೆನಪಿತ್ತು.

ಚೀಲದ ಕೆಲಸ ಅತ್ತೆ ಕಲಿತಳು. ಮೊದಲ ದಿನ ಕೈ ನಡುಗಿತು. ಕೆಂಪಗೆ ತೇವವಾಗಿ ಕಾಣುವ ಕರುಳಿನ ಬಾಯಿಗೆ ಅಳತೆಯಾಗಿ ತಟ್ಟೆ ಕತ್ತರಿಸಬೇಕು. ಸ್ವಲ್ಪ ದೊಡ್ಡದಾದರೂ ಸುತ್ತಲಿನ ಚರ್ಮ ಸುಟ್ಟ ಹಾಗಾಗುತ್ತದೆ, ಯಾಕೆಂದರೆ ಸಣ್ಣ ಕರುಳಿನಿಂದ ಬರುವ ರಸ ಖಾರ. ಅದು ನೀರು ನೀರಾಗಿ ಹೋಗುವುದರಿಂದ ಮೈಯ ಉಪ್ಪು, ನೀರು ಬೇಗ ಬತ್ತುತ್ತವೆ. ಒಂದು ಸಲ ಬಾಯಾರಿಕೆ, ತಲೆಸುತ್ತು ಬಂದು ಎರಡು ದಿನ ಡ್ರಿಪ್ ಹಾಕಿಸಿಕೊಳ್ಳಬೇಕಾಯಿತು. ಆಮೇಲೆ ಗಂಜಿಗೆ ಉಪ್ಪು, ಓಆರ್‌ಎಸ್, ನೀರುಮಜ್ಜಿಗೆ ಅಂತ ಅತ್ತೆ ಗಡಿಯಾರ ನೋಡಿ ಕೊಟ್ಟಳು. ಬೇಸಿಗೆ ಹೊತ್ತಿಗೆ ಮಾವ ಆ ಚೀಲ ಹೊತ್ತುಕೊಂಡೇ ಸೊಸೈಟಿಯ ಮೀಟಿಂಗಿಗೆ ಹೋಗಿ ಬಂದ.

ಪೆಥಾಲಜಿ ವರದಿ ಬಂದದ್ದು ಆಪರೇಷನ್ ಆದ ಎರಡನೆಯ ವಾರ. ಗಡ್ಡೆ ಇದ್ದ ಜಾಗದಲ್ಲಿ ಜೀವಂತ ಕ್ಯಾನ್ಸರ್ ಕಣಗಳ ಒಂದೆರಡು ಸಣ್ಣ ಗುಂಪು ಮಾತ್ರ ಉಳಿದಿದ್ದವು, ಅಂಚುಗಳೆಲ್ಲ ಸ್ವಚ್ಛ, ಗ್ರಂಥಿಗಳಲ್ಲಿ ಏನೂ ಇಲ್ಲ. ಉಳಿದ ಕೀಮೋ ಮುಗಿಸಬೇಕೆಂದರು. ಕೈಬೆರಳು, ಪಾದ ಆಗಲೇ ಜೋಮು ಹಿಡಿದಿದ್ದವು, ಅಂಗಿಯ ಗುಂಡಿ ಹಾಕಲು ಪರದಾಡುತ್ತಿದ್ದ. ಹಾಗಾಗಿ ಕೊನೆಯ ಕೆಲವು ಸಲ ಪ್ಲಾಟಿನಂ ಔಷಧವನ್ನು ಕಡಿಮೆ ಮಾಡಿ, ಆಮೇಲೆ ಬಿಟ್ಟೇಬಿಟ್ಟರು. ಆ ಜೋಮು ಪಾದದಲ್ಲಿ ಈಗಲೂ ಸ್ವಲ್ಪ ಉಳಿದಿದೆ. ತೋಟದಲ್ಲಿ ಬರಿಗಾಲಲ್ಲಿ ಓಡಾಡುವುದನ್ನು ಬಿಟ್ಟಿದ್ದಾನೆ.

ಮಳೆಗಾಲದ ಕೊನೆಗೆ ಸ್ಟೋಮಾ ಮುಚ್ಚಿದರು. ಎಲ್ಲ ಮುಗಿಯಿತು ಅಂತ ನಾವೆಲ್ಲ ಅಂದುಕೊಂಡ ಹೊತ್ತಿಗೆ ಮಾವನ ಅತಿ ಕಷ್ಟದ ದಿನಗಳು ಶುರುವಾದವು. ಗುದನಾಳ ಅಂದರೆ ಮಲವನ್ನು ಹಿಡಿದಿಟ್ಟುಕೊಳ್ಳುವ ಚೀಲ, ಅದೇ ಈಗ ಇಲ್ಲ. ದಿನಕ್ಕೆ ಹತ್ತು ಹನ್ನೆರಡು ಸಲ ಹೋಗಬೇಕು, ಬಂತು ಅಂದರೆ ತಡೆಯಲಾಗದು. ಮದುವೆ ಮನೆ, ಬಸ್ಸು, ದೇವಸ್ಥಾನ ಯಾವುದೂ ಬೇಡವೆಂದ. ಇದನ್ನು ಜನ ಹೇಳುವುದೇ ಇಲ್ಲ, ಹೇಳಬೇಕು. ಡಾಕ್ಟರು ಮೊದಲೇ ಎಚ್ಚರಿಸಿದ್ದರಿಂದ ಅವನು ಧೈರ್ಯ ಬಿಡಲಿಲ್ಲ. ಆಹಾರ ಬದಲಿಸಿದರು, ಮಲ ಗಟ್ಟಿಯಾಗಲು ಮಾತ್ರೆ ಕೊಟ್ಟರು, ಕೆಳಗಿನ ಸ್ನಾಯು ಬಿಗಿ ಹಿಡಿಯುವ ವ್ಯಾಯಾಮ ಕಲಿಸಿದರು. ವರ್ಷ ತಿರುಗುವ ಹೊತ್ತಿಗೆ ನಾಲ್ಕೈದು ಸಲಕ್ಕೆ ಇಳಿಯಿತು. ಈಗ ಅವನು ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಹೋಗುತ್ತಾನೆ, ನಿಲ್ಲುವ ಜಾಗಗಳೆಲ್ಲ ಗೊತ್ತಿವೆ. ರೋಗ ಮರಳಿದರೆ ಸುಳಿವು ಕೊಡುವ ಸಿಇಎ ಎಂಬ ರಕ್ತ ಪರೀಕ್ಷೆ ಮೂರು ತಿಂಗಳಿಗೊಮ್ಮೆ, ಆಗಾಗ ಸ್ಕ್ಯಾನ್. ಇಲ್ಲಿಯವರೆಗೆ ಎಲ್ಲ ಸರಿಯಾಗಿದೆ.

ಇನ್ನೊಂದು ಸಂಗತಿ ಉಳಿದಿದೆ. ಈ ರೋಗ ಬಂದವರ ಒಡಹುಟ್ಟಿದವರೂ ಮಕ್ಕಳೂ ನಲವತ್ತಕ್ಕೆ, ಇಲ್ಲವೇ ಮನೆಯಲ್ಲಿ ರೋಗ ಬಂದ ವಯಸ್ಸಿಗಿಂತ ಹತ್ತು ವರ್ಷ ಮುಂಚೆ, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಮಾಡಿಸಿಕೊಳ್ಳಬೇಕು ಅಂತ ಡಾಕ್ಟರು ಹೇಳಿದ್ದರು. ನನ್ನ ಅಮ್ಮ ಮಾವನ ಅಕ್ಕ. ಅರವತ್ತೆರಡು ವಯಸ್ಸು. ನನಗೇನೂ ಆಗಿಲ್ಲ, ಆ ಪರೀಕ್ಷೆ ಎಲ್ಲ ಬೇಡ ಅಂತ ವರ್ಷವಿಡೀ ತಪ್ಪಿಸಿಕೊಂಡಳು. ನಾನು ಹೇಳಿ ಸೋತೆ. ಕೊನೆಗೆ ಮಾವನೇ ಊರಿನಿಂದ ಬಂದ, ಅದೂ ಬಸ್ಸಿನಲ್ಲಿ. ಅಡುಗೆಮನೆಯಲ್ಲಿ ಕೂತು, "ಅಕ್ಕಾ, ನಾನು ನಾಚಿಕೆಗೆ ಒಂದು ವರ್ಷ ಕಳೆದೆ. ನೀನು ಕಳೀಬೇಡ" ಅಂದ. ಅಮ್ಮ ಬಹಳ ಹೊತ್ತು ಕಾಯಿ ತುರಿಯುತ್ತಲೇ ಇದ್ದಳು. ಆಮೇಲೆ, ಯಾವತ್ತು ಹೋಗೋದು ಅಂತ ಕೇಳಿದಳು. ಪರೀಕ್ಷೆಯಲ್ಲಿ ದೊಡ್ಡ ಕರುಳಿನ ಎಡಗಡೆ ಕಡಲೆಕಾಳಿನಷ್ಟು ಒಂದು ಪಾಲಿಪ್ ಸಿಕ್ಕಿತು. ಅಂಥದು ಕ್ಯಾನ್ಸರಾಗಲು ಹತ್ತು ವರ್ಷದಷ್ಟು ಕಾಲ ಹಿಡಿಯಬಹುದಂತೆ. ಅಲ್ಲೇ, ಆ ದುರ್ಬೀನಿನ ತುದಿಯಿಂದಲೇ ಅದನ್ನು ಕತ್ತರಿಸಿ ತೆಗೆದರು. ಸಂಜೆ ಮನೆಗೆ ಬಂದು ಅಮ್ಮ ಮೊದಲು ಮಾಡಿದ ಕೆಲಸ ಅಂದರೆ ಮೈಸೂರಿನಲ್ಲಿರುವ ತಂಗಿಗೆ, ನಮ್ಮ ಚಿಕ್ಕಮ್ಮನಿಗೆ, ಫೋನು ಮಾಡಿದ್ದು.